ಪರಿಸರ ಮತ್ತು ಸುರಕ್ಷತೆ: ಬಾಸ್ಕ್–ಇಂಗ್ಲಿಷ್ ಪದಗಳನ್ನು ಕಲಿಯುವ ಕ್ರಮ

ಬಾಸ್ಕ್ ಭಾಷೆಯ ನಾಡಾದ ಉತ್ತರ ಸ್ಪೇನಿನ ಬಿಲ್ಬಾವೊ ಅಥವಾ ಸ್ಯಾನ್ ಸೆಬಾಸ್ಟಿಯನ್‌ನ ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ಕೆಲಸ ಮಾಡಲಿರುವವರು ಪದಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಮೂಲಪದಗಳನ್ನೂ ಪ್ರತ್ಯಯಗಳನ್ನೂ ಗುರುತಿಸಿಕೊಳ್ಳುವುದು ಲೇಸು. ಬಾಸ್ಕ್ ಕೂಡ ಕನ್ನಡದಂತೆ ಪ್ರತ್ಯಯ ಹಚ್ಚುವ ಭಾಷೆಯಾದ್ದರಿಂದ ಈ ದಾರಿ ನಮಗೆ ಸುಲಭ. ಸುತ್ತಲಿನ ಪ್ರದೇಶವೆಂಬ ಅರ್ಥದ ‘ಇಂಗುರು’ವಿನಿಂದ ‘ಇಂಗುರುಮೆನ್’ ಎಂದರೆ ಎನ್ವಿರಾನ್‌ಮೆಂಟ್. ಅಪಾಯವೆಂಬ ಅರ್ಥದ ‘ಅರ್ರಿಸ್ಕು’ವಿಗೆ ‘ತ್ಸು’ ಸೇರಿದರೆ ‘ಅರ್ರಿಸ್ಕುತ್ಸು’, ಅಂದರೆ ಡೇಂಜರಸ್. ಬರಹದಲ್ಲಿ ‘ಇಂಗುರುಮೆನಾ’ ಎಂದು ಕಂಡರೆ ಗಾಬರಿಯಾಗಬೇಕಿಲ್ಲ, ಕೊನೆಯ ‘ಆ’ ಇಂಗ್ಲಿಷಿನ ‘ದಿ’ಯ ಕೆಲಸ ಮಾಡುತ್ತದೆ.

ನಿಜವಾದ ತೊಡಕಿರುವುದು ಸುರಕ್ಷತೆಯ ಪದಗಳಲ್ಲಿ. ‘ಸೆಗುರ್ತಾಸುನ್’ ಎಂಬುದು ಸೇಫ್ಟಿಗೂ ಸೆಕ್ಯೂರಿಟಿಗೂ, ‘ಅರ್ರಿಸ್ಕು’ ಎಂಬುದು ರಿಸ್ಕ್‌ಗೂ ಡೇಂಜರ್‌ಗೂ ಸಲ್ಲುವುದರಿಂದ, ಅವನ್ನು ಒಂಟಿಯಾಗಿ ಬರೆದುಕೊಳ್ಳದೆ ಪೂರ್ಣ ಪದಗುಚ್ಛದೊಡನೆ ಬರೆದುಕೊಳ್ಳಬೇಕು: ‘ಲಾನ್’ ಎಂದರೆ ಕೆಲಸ, ‘ಲಾನೆಕೊ ಸೆಗುರ್ತಾಸುನಾ’ ಎಂದರೆ ಕೆಲಸದ ಸ್ಥಳದ ಸೇಫ್ಟಿ. ‘ಕುತ್ಸಾದುರಾ’ (ಪೊಲ್ಯೂಷನ್), ‘ಹೊಂದಾಕಿನ್’ (ವೇಸ್ಟ್), ‘ಬಿರ್ಸಿಕ್ಲಾತು’ (ರೀಸೈಕಲ್) ಇಷ್ಟು ತೊಡಕಿನವಲ್ಲ.

ಫಲಕಗಳಲ್ಲಿ ಕಾಣುವ ‘ಕೊಂತುಸ್’ (ಎಚ್ಚರಿಕೆ), ‘ಇರ್ತೇರಾ’ (ನಿರ್ಗಮನ), ‘ಸುತೆ’ (ಅಗ್ನಿ ಅನಾಹುತ), ‘ಲಾರ್ರಿಯಾಲ್ದಿ’ (ತುರ್ತುಸ್ಥಿತಿ) ಇವನ್ನು ಮೊದಲ ವಾರದಲ್ಲೇ ಕಲಿಯಿರಿ. ತುರ್ತು ಕರೆಯ ಸಂಖ್ಯೆ 112. ತಾಂತ್ರಿಕ ಪದದಲ್ಲಿ ಸಂದೇಹ ಬಂದರೆ ಸಾಮಾನ್ಯ ನಿಘಂಟಿಗಿಂತ ‘ಯೂಸ್ಕಲ್‌ಟರ್ಮ್’ ಎಂಬ ಸಾರ್ವಜನಿಕ ಪದಕೋಶವನ್ನು ನೋಡುವುದೇ ಮೇಲು.