‘ನೀನು’ ಅಂದವರ ಊರಲ್ಲಿ ಎರಡು ದಿನ: ಕ್ವೇಕರ್‌ಗಳ ಮೂಲ ನೋಡಿಬರುವುದು ಹೇಗೆ

ಕ್ವೇಕರ್ ಅಂದ ಕೂಡಲೇ ಅಮ್ಮ ಕೇಳಿದ್ದು, “ಓಟ್ಸ್ ಮಾಡ್ತಾರಲ್ಲ, ಅವ್ರಾ?”

ಅಲ್ಲ. ಕ್ವೇಕರ್ ಅನ್ನುವುದು ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ. ಡಬ್ಬದ ಮೇಲೆ ಟೋಪಿ ಹಾಕಿಕೊಂಡು ನಗುವ ಅಜ್ಜನಿಗೂ ಈ ಪಂಥಕ್ಕೂ ಹೆಸರು ಬಿಟ್ಟರೆ ಬೇರೆ ನೆಂಟಸ್ತನ ಇಲ್ಲ. 1877ರಲ್ಲಿ ಅಮೆರಿಕದ ಓಟ್ಸ್ ಗಿರಣಿಯೊಂದು ಆ ಹೆಸರನ್ನು ತನ್ನ ಗುರುತಾಗಿ ನೋಂದಾಯಿಸಿಕೊಂಡಿತು, ಅಷ್ಟೇ. ಯಾಕೆ ಅದೇ ಹೆಸರು ಅಂದರೆ, ಕ್ವೇಕರ್ ಅಂಗಡಿಯವರು ಮೋಸ ಮಾಡಲ್ಲ ಅಂತ ಜನ ನಂಬಿದ್ದರು. ಹತ್ತು ರೂಪಾಯಿ ಅಂತ ಹೇಳಿ ಏಳಕ್ಕೆ ಕೊಡುವ ಮನಸ್ಸಿದ್ದರೆ ಆ ಮೊದಲ ಮಾತು ಸುಳ್ಳಾಯಿತಲ್ವಾ ಅನ್ನುವುದು ಅವರ ಲೆಕ್ಕ. ಹಾಗಾಗಿ ಒಂದೇ ಬೆಲೆ. ಮಗುವನ್ನು ಕಳಿಸಿದರೂ ಅದೇ ಬೆಲೆ. ತಿಪಟೂರಿನ ಕೊಬ್ಬರಿ ಮಂಡಿಯನ್ನು ಜೀವಮಾನವೆಲ್ಲ ನೋಡಿರುವ ಅಮ್ಮನಿಗೆ ಇದು ಅರಗಲಿಲ್ಲ. “ಚೌಕಾಸಿ ಇಲ್ದೆ ವ್ಯಾಪಾರ ಹೆಂಗೆ?”

ನಾನು ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿದ್ದೇನೆ. ಇಲ್ಲಿಯ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಕ್ವೇಕರ್‌ಗಳ ಸಭಾಮನೆ ಇದೆ. ವರ್ಷಗಟ್ಟಲೆ ಅದರ ಮುಂದೆ ರೈಲಿಗೆ ಓಡಿದವಳು ಒಂದು ದಿನ ರೈಲು ತಪ್ಪಿಸಿಕೊಂಡು ಒಳಗೆ ಹೋದೆ. ಆಮೇಲೆ ಊರಿಂದ ಬಂದ ನೆಂಟರನ್ನೆಲ್ಲ ಒಂದು ಶನಿವಾರ–ಭಾನುವಾರ ಈ ದಾರಿಯಲ್ಲಿ ಸುತ್ತಿಸುವುದು ನನ್ನ ಕೆಲಸವಾಯಿತು. ಇಲ್ಲಿರುವ ಕನ್ನಡದವರು, ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರು ನೋಡಿಬರಲಿ ಅಂತ ಬರೆಯುತ್ತಿದ್ದೇನೆ. ಕಾರು ಬೇಕು. ಮೇ ಇಂದ ಸೆಪ್ಟೆಂಬರ್ ಒಳ್ಳೆಯದು. ಬಿಸಿಲಿದ್ದರೂ ರೇನ್‌ಕೋಟ್ ಇರಲಿ. ಚಪ್ಪಲಿ ಬೇಡ, ಬೂಟು ಹಾಕಿ.

ಹೊರಡುವ ಮುಂಚೆ ಇಷ್ಟು ಗೊತ್ತಿರಲಿ

ಈ ಪಂಥ ಶುರು ಮಾಡಿದ ಜಾರ್ಜ್ ಫಾಕ್ಸ್ ಹುಟ್ಟಿದ್ದು 1624ರಲ್ಲಿ, ಲೆಸ್ಟರ್‌ಶೈರ್‌ನ ಫೆನ್ನಿ ಡ್ರೇಟನ್ ಅನ್ನುವ ಹಳ್ಳಿಯಲ್ಲಿ. ಅಪ್ಪ ನೇಕಾರ. ಹುಡುಗನನ್ನು ಚಮ್ಮಾರನೊಬ್ಬನ ಹತ್ತಿರ ಕೆಲಸ ಕಲಿಯಲು ಬಿಟ್ಟರು. 19ನೇ ವಯಸ್ಸಿಗೆ ಮನೆ ಬಿಟ್ಟ. ದೇಶದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲ. ಇವನಿಗೆ ಒಳಗೇ ಇನ್ನೊಂದು ಯುದ್ಧ. ಕಂಡ ಪಾದ್ರಿಗಳನ್ನೆಲ್ಲ ಕೇಳಿಕೊಂಡು ಹೋದ. ಒಬ್ಬ ಪಾದ್ರಿ ಕೊಟ್ಟ ಪರಿಹಾರ: ತಂಬಾಕು ಸೇದು, ಕೀರ್ತನೆ ಹಾಡು. 1647ರ ಹೊತ್ತಿಗೆ ಅವನಿಗೆ ಅನ್ನಿಸಿದ್ದು, ಕ್ರಿಸ್ತ ನೇರವಾಗಿ ನನ್ನೊಳಗೇ ಮಾತಾಡುತ್ತಾನೆ, ನಡುವೆ ಯಾರೂ ಬೇಕಿಲ್ಲ ಅಂತ. ಉಳಿದದ್ದೆಲ್ಲ ಇದರಿಂದಲೇ ಹುಟ್ಟಿತು. ಒಳಬೆಳಕು ಎಲ್ಲರಲ್ಲೂ ಇದೆ ಅಂದಮೇಲೆ ಪಾದ್ರಿ ಬೇಡ. ನೀರಿನ ದೀಕ್ಷಾಸ್ನಾನ ಬೇಡ. ರೊಟ್ಟಿ-ದ್ರಾಕ್ಷಾರಸದ ವಿಧಿ ಬೇಡ. ಹೆಂಗಸರೂ ಎದ್ದು ಮಾತಾಡಬಹುದು. ಯಾವಾಗಲೂ ನಿಜವನ್ನೇ ಹೇಳುವವನಿಗೆ ಕೋರ್ಟಿನಲ್ಲಿ ಪ್ರತ್ಯೇಕವಾಗಿ ಆಣೆ ಯಾಕೆ? ಅದೂ ಬೇಡ.

‘ಕ್ವೇಕರ್’ ಅಂದರೆ ನಡುಗುವವ. ಅದು ಬೈಗುಳ. 1650ರಲ್ಲಿ ಡರ್ಬಿಯಲ್ಲಿ ವಿಚಾರಣೆ ನಡೆದಾಗ ಫಾಕ್ಸ್ ನ್ಯಾಯಾಧೀಶನಿಗೇ “ದೇವರ ಮಾತಿಗೆ ನಡುಗು” ಅಂದ. ಆ ನ್ಯಾಯಾಧೀಶ ಗೇಲಿಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಅವರು ತಮ್ಮನ್ನು ಕರೆದುಕೊಳ್ಳುವುದು ಗೆಳೆಯರು ಅಂತ.

ಇನ್ನೊಂದು ವಿಷಯದಲ್ಲಿ ಇಂಗ್ಲಿಷರಿಗಿಂತ ನಮಗೇ ಅನುಕೂಲ ಜಾಸ್ತಿ. ಆಗಿನ ಇಂಗ್ಲಿಷಿನಲ್ಲಿ ‘ದೌ’ ಅಂದರೆ ನೀನು, ‘ಯೂ’ ಅಂದರೆ ನೀವು. ದೊಡ್ಡವರಿಗೆ ನೀವು, ಆಳಿಗೆ ನೀನು. ಕ್ವೇಕರ್‌ಗಳು ಎಲ್ಲರಿಗೂ ನೀನು ಅಂದರು. ಜಮೀನ್ದಾರನಿಗೂ ನೀನು, ಜಡ್ಜಿಗೂ ನೀನು. ಇವತ್ತಿನ ಇಂಗ್ಲಿಷಿನವರಿಗೆ ಇದನ್ನು ಟಿಪ್ಪಣಿ ಹಾಕಿ ವಿವರಿಸಬೇಕು. ನಮಗೆ ಬೇಕಾ? ತಾಲ್ಲೂಕು ಕಚೇರಿಗೆ ಹೋಗಿ ತಹಶೀಲ್ದಾರರನ್ನು “ಏನಯ್ಯಾ, ನೀನು ನನ್ನ ಅರ್ಜಿ ನೋಡಿದೆಯಾ” ಅಂತ ಕೇಳಿದ ಹಾಗೆ. ಹೊಟ್ಟೆಯಲ್ಲಿ ಸಣ್ಣಗೆ ನಡುಕ ಬಂತಲ್ವಾ? ಆ ನಡುಕ ನೆನಪಿಟ್ಟುಕೊಳ್ಳಿ, ನಾಳೆ ಅಲ್ವರ್‌ಸ್ಟನ್‌ನಲ್ಲಿ ಬೇಕಾಗುತ್ತದೆ. (ಫಾಕ್ಸನನ್ನು ನಾನು ಏಕವಚನದಲ್ಲೇ ಬರೆಯುತ್ತಿದ್ದೇನೆ. ಅವನಿಗೆ ಅದೇ ಸರಿ.)

ಟೋಪಿಯದ್ದೂ ಇದೇ ಜಗಳ. ದೊಡ್ಡವರ ಮುಂದೆ ಟೋಪಿ ತೆಗೆಯಲ್ಲ ಅಂತ ಹಟ. 1656ರಲ್ಲಿ ಲಾನ್ಸ್‌ಟನ್ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಗ್ಲಿನ್, ಮೋಶೆಯಿಂದ ದಾನಿಯೇಲನವರೆಗೆ ಬೈಬಲಿನಲ್ಲಿ ಯಾರಾದರೂ ಟೋಪಿ ಹಾಕಿದ್ದರಾ ತೋರಿಸು ಅಂದ. ಫಾಕ್ಸ್ ಸುಮ್ಮನಿರುತ್ತಾನಾ? ದಾನಿಯೇಲನ ಕಥೆಯಲ್ಲೇ ರಾಜ ಬೆಂಕಿಯ ಕುಲುಮೆಗೆ ಎಸೆಸಿದ ಆ ಮೂವರು ಅಂಗಿ, ಕಾಲುಚೀಲ, ಟೋಪಿ ಸಮೇತ ಬಿದ್ದರಲ್ಲ ಅಂದ. ಜಡ್ಜಿಗೆ ಉಳಿದ ಉತ್ತರ ಒಂದೇ: ಇವನನ್ನು ಕರೆದುಕೊಂಡು ಹೋಗಿ.

ಶನಿವಾರ: ಎರಡು ಬೆಟ್ಟ

ಬೆಳಿಗ್ಗೆ ಪೆಂಡಲ್ ಬೆಟ್ಟ. ಬಾರ್ಲಿ ಹಳ್ಳಿಯಲ್ಲಿ ಕಾರು ನಿಲ್ಲಿಸಿ. ಸುತ್ತಮುತ್ತ ಎಲ್ಲಿ ನೋಡಿದರೂ ಪೊರಕೆ ಮೇಲೆ ಕೂತ ಮಾಟಗಾತಿಯ ಚಿತ್ರ. 1612ರಲ್ಲಿ ಈ ಊರುಗಳ ಹೆಂಗಸರನ್ನು ಮಾಟದ ಆರೋಪ ಹೊರಿಸಿ ಲ್ಯಾಂಕಾಸ್ಟರ್‌ನಲ್ಲಿ ಗಲ್ಲಿಗೇರಿಸಿದ್ದು ಈಗ ಪ್ರವಾಸಿಗಳ ಆಕರ್ಷಣೆ. ನೋಡಿ, ಮುಂದೆ ಹೋಗಿ.

ಬೆಟ್ಟದ ಎತ್ತರ 557 ಮೀಟರ್. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಕಷ್ಟವಲ್ಲ, ಆದರೆ ಕೊನೆಯ ಕಲ್ಲುಮೆಟ್ಟಿಲುಗಳು ಕಡಿದು. ಮೇಲೆ ಗಾಳಿ ಸೆರಗನ್ನು ಕಿತ್ತುಕೊಳ್ಳುತ್ತದೆ, ಅಮ್ಮನಿಗೆ ನನ್ನ ಪ್ಯಾಂಟು-ಜಾಕೆಟ್ ಹಾಕಿಸಿದ್ದೆ. ಫಾಕ್ಸ್‌ಗೂ ಏದುಸಿರು ಬಂದಿತ್ತು, ತುಂಬಾ ಕಡಿದಾದ ಬೆಟ್ಟ ಅಂತ ಅವನೇ ಬರೆದಿದ್ದಾನೆ. ಅದು 1652. ಜೊತೆಗಿದ್ದವ ರಿಚರ್ಡ್ ಫಾರ್ನ್‌ವರ್ತ್. ಮೇಲೆ ನಿಂತಾಗ ದೂರದಲ್ಲಿ ಸಮುದ್ರ ಕಂಡಿತು. ಯಾವ ಯಾವ ಕಡೆ ತನ್ನ ಜನ ಕಾದಿದ್ದಾರೆ ಅನ್ನುವುದೂ ಕಂಡಿತಂತೆ. ಬಿಳಿ ಬಟ್ಟೆ ಉಟ್ಟ ಜನ ನದಿ ದಂಡೆಯಲ್ಲಿ ಬರುತ್ತಿರುವ ಹೆಸರುವಾಸಿ ದರ್ಶನ ಬೆಟ್ಟದ ಮೇಲೆ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಅವನು ಬರೆದಿರುವ ಪ್ರಕಾರ ಅದು ಆ ರಾತ್ರಿ ಕೆಳಗೆ ಛತ್ರದಲ್ಲಿ ಉಳಿದಾಗ ಆದದ್ದು. ಇಳಿಯುವಾಗ ಒಂದು ಒರತೆಯ ನೀರು ಕುಡಿದ. ಹಲವು ದಿನಗಳಿಂದ ಸರಿಯಾಗಿ ಊಟ-ನೀರು ಇರಲಿಲ್ಲ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ನೀವೂ ಕಟ್ಟಿಕೊಳ್ಳಿ, ಮೇಲೆ ಏನೂ ಸಿಗಲ್ಲ.

ಅಲ್ಲಿಂದ ಉತ್ತರಕ್ಕೆ ಎಂ6 ಹೆದ್ದಾರಿ ಹಿಡಿದು 37ನೇ ಜಂಕ್ಷನ್‌ನಲ್ಲಿ ಇಳಿದರೆ ಸೆಡ್ಬರ್ಗ್ ದಾರಿ. ಫರ್‌ಬ್ಯಾಂಕ್ ಫೆಲ್ ಅನ್ನುವ ಗುಡ್ಡಕ್ಕೆ ಹೋಗುವ ರಸ್ತೆ ಒಂದೇ ಕಾರಿನಷ್ಟು ಅಗಲ. ಎದುರಿಂದ ಟ್ರ್ಯಾಕ್ಟರ್ ಬಂದರೆ ನೀವೇ ರಿವರ್ಸ್ ಹೋಗಬೇಕು, ಕುರಿ ಬಂದರಂತೂ ಕಾಯುವುದೇ. ಗೋಡೆ ಕಟ್ಟಿದ ಒಂದು ಚಿಕ್ಕ ಹಳೆಯ ಸ್ಮಶಾನ ಕಾಣುತ್ತದೆ. ಮೊದಲು ಅಲ್ಲೊಂದು ಚಾಪೆಲ್, ಅಂದರೆ ಚಿಕ್ಕ ಚರ್ಚು, ಇತ್ತು, ಈಗಿಲ್ಲ. ಪಕ್ಕದ ಬಂಡೆಯೇ ‘ಫಾಕ್ಸನ ಪೀಠ’. ಒಂದು ಫಲಕ ಬಿಟ್ಟರೆ ಏನೂ ಇಲ್ಲ. ಟಿಕೆಟ್ ಇಲ್ಲ, ಅಂಗಡಿ ಇಲ್ಲ.

1652ರ ಜೂನ್ 13, ಭಾನುವಾರ. ಬೆಳಿಗ್ಗೆ ಚಾಪೆಲ್ ಒಳಗೆ ಫ್ರಾನ್ಸಿಸ್ ಹೌಗಿಲ್ ಅನ್ನುವವನ ಪ್ರವಚನ. ಈ ಕಡೆ ‘ಹುಡುಕುವವರು’ ಅನ್ನುವ ಗುಂಪುಗಳಿದ್ದವು. ಇದ್ದ ಚರ್ಚು ಬೇಡ, ಬೇರೆ ಏನು ಬೇಕೋ ಇನ್ನೂ ಸಿಕ್ಕಿಲ್ಲ ಅನ್ನುವ ಜನ. ಫಾಕ್ಸ್ ಒಳಗೆ ಹೋಗಲಿಲ್ಲ. ತೊರೆಯ ನೀರು ಕುಡಿದು ಬಂಡೆಯ ಮೇಲೆ ಕೂತ. ಮಧ್ಯಾಹ್ನ ಸಾವಿರಕ್ಕೂ ಜಾಸ್ತಿ ಜನ ಸೇರಿದರು. ಮೂರು ಗಂಟೆ ಮಾತಾಡಿದ. ಈ ಗುಡ್ಡದ ನೆಲವೂ ಆ ಕಟ್ಟಡದಷ್ಟೇ ಪವಿತ್ರ ಅಂದ. ಕೆಲವು ಮುದುಕರು ಚಾಪೆಲ್ ಒಳಗೇ ಕೂತು, ಚರ್ಚು ಇರುವಾಗ ಇವನ್ಯಾಕೆ ಗುಡ್ಡದ ಮೇಲೆ ನಿಂತಿದ್ದಾನೆ ಅಂತ ಕಿಟಕಿಯಿಂದ ಇಣುಕಿದರಂತೆ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದವರು ಆ ಮುದುಕರೇ.

ಇಲ್ಲಿ ವಚನಕಾರರು ನೆನಪಾಗುತ್ತಾರೆ. ನನಗೂ ಆದರು, ಅಮ್ಮನಿಗೂ ಆದರು. ಆದರೆ ಆ ಹೋಲಿಕೆಯನ್ನು ಸ್ವಲ್ಪ ಹೊತ್ತು ಜೇಬಲ್ಲೇ ಇಟ್ಟುಕೊಳ್ಳಿ. ಬೇಗ ಹೊರಗೆ ತೆಗೆದರೆ ‘ಓ, ನಮ್ಮಲ್ಲೂ ಇದೆ’ ಅಂತ ಹೇಳಿ ನೋಡುವುದನ್ನೇ ನಿಲ್ಲಿಸಿಬಿಡುತ್ತೇವೆ.

ಆ ದಿನ ಮನಸ್ಸು ತಿರುಗಿದವರಲ್ಲಿ ಹೌಗಿಲ್ ಕೂಡ ಒಬ್ಬ. ಈ ಗುಡ್ಡಗಾಡಿನಿಂದಲೇ ರೈತರು, ಕೂಲಿಯವರು, ಮನೆಗೆಲಸದವರು ಜೋಡಿ ಜೋಡಿಯಾಗಿ ದೇಶವೆಲ್ಲ ಸುತ್ತಲು ಹೊರಟರು. ಯಾರ್ಕ್‌ಶೈರ್‌ನ ಮನೆಗೆಲಸದವಳು ಮೇರಿ ಫಿಶರ್ 1658ರಲ್ಲಿ ತುರ್ಕಿಯ ಸುಲ್ತಾನನ ಮುಂದೆ ನಿಂತು ಮಾತಾಡಿ ಬಂದಳು. ಸುಲ್ತಾನ ಮರ್ಯಾದೆಯಿಂದ ಕೇಳಿದ. ಅದಕ್ಕೆ ಎರಡು ವರ್ಷ ಮುಂಚೆ ಬಾಸ್ಟನ್‌ನ ಕ್ರೈಸ್ತರು ಅವಳನ್ನು ಜೈಲಿಗೆ ಹಾಕಿ ಓಡಿಸಿದ್ದರು. ಫಾಕ್ಸನ ಜೊತೆಗಾರ ಬೋಧಕ ಜೇಮ್ಸ್ ನೇಯ್ಲರ್‌ನದ್ದು ಕರುಳು ಹಿಂಡುವ ಕಥೆ. ಫಾಕ್ಸನಿಗಿಂತ ಚೆನ್ನಾಗಿ ಮಾತಾಡುತ್ತಿದ್ದ ಅನ್ನುವವರಿದ್ದರು. 1656ರಲ್ಲಿ ಕ್ರಿಸ್ತ ಯೆರೂಸಲೇಮಿಗೆ ಬಂದ ಹಾಗೆ ಬ್ರಿಸ್ಟಲ್ ಊರೊಳಗೆ ಸವಾರಿ ಬಂದ. ಇದು ದೇವನಿಂದೆ ಅಂತ ಪಾರ್ಲಿಮೆಂಟೇ ವಿಚಾರಣೆ ಮಾಡಿ ಚಾಟಿಯಲ್ಲಿ ಹೊಡೆಸಿತು, ಹಣೆಗೆ ಬರೆ ಹಾಕಿಸಿತು, ಕಾದ ಕಬ್ಬಿಣದಿಂದ ನಾಲಗೆಗೆ ತೂತು ಮಾಡಿಸಿತು. ಫಾಕ್ಸನೂ ಅವನ ಕೈ ಬಿಟ್ಟಿದ್ದ. ಈ ವಿಷಯದಲ್ಲಿ ನನಗೆ ಫಾಕ್ಸ್ ಮೇಲೆ ಇವತ್ತಿಗೂ ಸಿಟ್ಟಿದೆ.

ರಾತ್ರಿ ಸೆಡ್ಬರ್ಗ್‌ನಲ್ಲಿ ಉಳಿಯಿರಿ.

ಭಾನುವಾರ: ಸುಮ್ಮನೆ ಕೂರುವುದು

ಸೆಡ್ಬರ್ಗ್ ಹತ್ತಿರವೇ ಬ್ರಿಗ್‌ಫ್ಲಾಟ್ಸ್. ಸುಣ್ಣ ಬಳಿದ ಸಭಾಮನೆ, 1675ರದ್ದು. ಒಳಗೆ ಓಕ್ ಮರದ ಬೆಂಚು, ಮೇಲೆ ಮರದ ಅಟ್ಟ, ಮೆಟ್ಟಿಲ ಬುಡದಲ್ಲಿ ರೈತರ ನಾಯಿಗಳನ್ನು ಕೂಡುವ ಪುಟ್ಟ ಗೂಡು. ಶಿಲುಬೆ ಇಲ್ಲ, ಪೀಠ ಇಲ್ಲ, ಮೇಣದಬತ್ತಿ ಇಲ್ಲ. ಸಭೆಯ ಹೊತ್ತು ಮೊದಲೇ ನೋಡಿಕೊಂಡು ಹತ್ತು ನಿಮಿಷ ಮುಂಚೆ ಹೋಗಿ. ಯಾರು ಬೇಕಾದರೂ ಹೋಗಬಹುದು. ಜಾತಿ, ಧರ್ಮ ಯಾರೂ ಕೇಳಲ್ಲ.

ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತುಕೊಳ್ಳಿ. ಶುರುವಾಯಿತು ಅಂತ ಯಾರೂ ಹೇಳಲ್ಲ, ಮೊದಲನೆಯವರು ಕೂತಾಗಲೇ ಶುರು. ಒಂದು ಗಂಟೆ ಮೌನ. ಧ್ಯಾನ, ಜಪ ಅಂತ ವಿಧಾನ ಯಾವುದೂ ಇಲ್ಲ. ಮೊದಲ ಹತ್ತು ನಿಮಿಷ ತಲೆಯಲ್ಲಿ ಗ್ಯಾಸ್ ಆಫ್ ಮಾಡಿದೆನಾ, ಸೋಮವಾರದ ಮೀಟಿಂಗು, ಇವೇ ಓಡುತ್ತವೆ. ಓಡಲಿ ಬಿಡಿ. ಯಾರಿಗಾದರೂ ಹೇಳಲೇಬೇಕು ಅನ್ನಿಸಿದರೆ ಎದ್ದು ಎರಡು ಮಾತು ಹೇಳಿ ಕೂರುತ್ತಾರೆ. ಅದಕ್ಕೆ ಉತ್ತರ ಕೊಡಬಾರದು, ಚರ್ಚೆ ಬೇಡ. ಇನ್ನೊಬ್ಬರು ಮಾತಾಡುವುದಾದರೆ ನಡುವೆ ಒಂದಷ್ಟು ಹೊತ್ತು ಬಿಡಬೇಕು. ಕೆಲವು ಸಲ ಯಾರೂ ಬಾಯಿ ಬಿಡಲ್ಲ. ಕೊನೆಗೆ ಇಬ್ಬರು ಕೈಕುಲುಕುತ್ತಾರೆ, ಆಮೇಲೆ ಎಲ್ಲರೂ. ಮುಗಿಯಿತು, ಟೀ.

ಫೋನ್ ಆಫ್ ಮಾಡಿ. ಸೈಲೆಂಟ್ ಅಲ್ಲ, ಆಫ್. ನಾನು ನನ್ನದು ಮಾಡಿದ್ದೆ, ಅಮ್ಮನದು ಮರೆತಿದ್ದೆ. ಊರಲ್ಲಿ ಊಟ ಮುಗಿಸಿದ ಅಣ್ಣ ವಿಡಿಯೊ ಕಾಲ್ ಮಾಡಿದ. ಅಷ್ಟು ದೊಡ್ಡ ಮೌನದೊಳಗೆ ಅಮ್ಮನ ಕೈಚೀಲದಿಂದ ನಾದಸ್ವರ, ಡೋಲು. ಚೀಲದಲ್ಲಿ ಚಟ್ನಿಪುಡಿ ಡಬ್ಬಿ, ಸ್ವೆಟರು, ಮಾತ್ರೆ, ಎಲ್ಲದರ ಕೆಳಗೆ ಫೋನು. ಒಬ್ಬರೂ ತಿರುಗಿ ನೋಡಲಿಲ್ಲ. ಟೀ ಹೊತ್ತಿಗೆ ಅಜ್ಜಿಯೊಬ್ಬರು ಬಂದು ಅದು ಯಾವ ವಾದ್ಯ ಅಂತ ಕೇಳಿದರು. ಮದುವೆಯದು ಅಂತ ಅಮ್ಮ ಕನ್ನಡದಲ್ಲೇ ಹೇಳಿದಳು.

ಎಲ್ಲ ಕ್ವೇಕರ್ ಸಭೆಯೂ ಹೀಗೇ ಅಂದುಕೊಳ್ಳಬೇಡಿ. ಇವತ್ತು ಕ್ವೇಕರ್‌ಗಳು ಅತಿ ಹೆಚ್ಚು ಇರುವುದು ಕೀನ್ಯಾದಲ್ಲಿ. ಅಲ್ಲಿ ಪಾದ್ರಿಗಳಿದ್ದಾರೆ, ಜೋರಾಗಿ ಹಾಡುತ್ತಾರೆ.

ಅಲ್ವರ್‌ಸ್ಟನ್

ಮಧ್ಯಾಹ್ನ ಪಶ್ಚಿಮಕ್ಕೆ, ಎ590 ರಸ್ತೆಯಲ್ಲಿ ಅಲ್ವರ್‌ಸ್ಟನ್. ಊರಾಚೆ ಸ್ವಾರ್ತ್‌ಮೂರ್ ಹಾಲ್ ಅನ್ನುವ ಹಳೆಯ ಬಂಗಲೆ. ತೆರೆಯುವ ದಿನ, ಹೊತ್ತು ಮೊದಲೇ ನೋಡಿಕೊಳ್ಳಿ. ಆದರೆ ಮೊದಲು ಊರಿನ ಸೇಂಟ್ ಮೇರಿ ಚರ್ಚಿಗೆ ಹೋಗಿ ಒಂದು ಬೆಂಚಿನಲ್ಲಿ ಕೂರಿ.

1652ರಲ್ಲಿ ಫಾಕ್ಸ್ ಇಲ್ಲಿಗೆ ಬಂದಾಗ ಜಡ್ಜ್ ಥಾಮಸ್ ಫೆಲ್ ಅವರ ಹೆಂಡತಿ ಮಾರ್ಗರೆಟ್ ತನ್ನ ಬೆಂಚಿನಲ್ಲಿದ್ದಳು. ಫಾಕ್ಸ್ ಅಂದದ್ದನ್ನು ಆಮೇಲೆ ಅವಳೇ ಬರೆದಿಟ್ಟಳು: “ಕ್ರಿಸ್ತ ಹೀಗೆ ಹೇಳಿದ, ಅಪೊಸ್ತಲರು ಹೀಗೆ ಹೇಳಿದರು ಅನ್ನುತ್ತೀರಿ. ನೀನು ಏನು ಹೇಳಬಲ್ಲೆ?” ನೋಡಿ, ‘ಅನ್ನುತ್ತೀರಿ’ ಅಂತ ಶುರುವಾಗಿ ‘ನೀನು’ ಅಂತ ಮುಗಿಯಿತು. ಮೂಲದಲ್ಲೂ ಹಾಗೇ ಇದೆ, ಮೊದಲು ಯೂ, ಆಮೇಲೆ ದೌ. ಮೊದಲರ್ಧ ಇಡೀ ಚರ್ಚಿಗೆ, ಕೊನೆಯದು ಒಬ್ಬೊಬ್ಬರಿಗೆ. ಇವತ್ತಿನ ಇಂಗ್ಲಿಷಿಗೆ ತಂದರೆ ಈ ತಿರುವು ಮಾಯವಾಗುತ್ತದೆ, ಕನ್ನಡದಲ್ಲಿ ಕೂದಲೆಳೆಯಷ್ಟೂ ಕೆಡಲ್ಲ. ಮಾರ್ಗರೆಟ್ ಮೊದಲು ಎದ್ದು ನಿಂತಳು. ಆಮೇಲೆ ಕೂತು ಅತ್ತಳು. ನಾವೆಲ್ಲ ಕಳ್ಳರು, ಮಾತನ್ನಷ್ಟೇ ಕದ್ದು ಇಟ್ಟುಕೊಂಡಿದ್ದೇವೆ ಅಂತ ಅನ್ನಿಸಿತಂತೆ.

ಜಡ್ಜ್ ಊರಿಗೆ ವಾಪಸ್ ಬರುವಾಗ ಊರ ದೊಡ್ಡ ಮನುಷ್ಯರು ದಾರಿಯಲ್ಲೇ ಅಡ್ಡ ಹಾಕಿ, ನಿಮ್ಮ ಹೆಂಡತಿಗೆ ಯಾರೋ ಮಾಟ ಮಾಡಿದ್ದಾರೆ ಅಂದರು. ಆತ ಕ್ವೇಕರ್ ಆಗಲಿಲ್ಲ. ಆದರೆ ಮನೆಯಲ್ಲಿ ಸಭೆ ನಡೆಸಲು ಬಿಟ್ಟ. ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದ ಅಂತ ಹೇಳುತ್ತಾರೆ. ಸ್ವಾರ್ತ್‌ಮೂರ್‌ಗೆ ಹೋದಾಗ ಆ ಎರಡು ಕೋಣೆಗಳ ನಡುವೆ ಒಂದು ನಿಮಿಷ ನಿಲ್ಲಿ. ಪಂಥದ ಪತ್ರ, ದುಡ್ಡು, ಜೈಲಿನಲ್ಲಿದ್ದವರ ಸಂಸಾರದ ಕಾಳಜಿ, ಎಲ್ಲ ಈ ಮನೆಯಿಂದಲೇ ನಡೆಯಿತು. ಫಾಕ್ಸನನ್ನು ಸ್ಥಾಪಕ ಅನ್ನುತ್ತಾರೆ. ಮನೆ ನಡೆಸಿದವರಿಗೆ ಗೊತ್ತು, ಮಾರ್ಗರೆಟ್ ಇಲ್ಲದಿದ್ದರೆ ಆತ ಊರೂರು ಅಲೆದ ಇನ್ನೊಬ್ಬ ಬೋಧಕನಷ್ಟೇ ಆಗಿರುತ್ತಿದ್ದ.

1664ರಲ್ಲಿ ಆಣೆ ಮಾಡಲ್ಲ ಅಂದದ್ದಕ್ಕೆ ಅವಳನ್ನು ಲ್ಯಾಂಕಾಸ್ಟರ್ ಕೋಟೆಯಲ್ಲಿ ನಾಲ್ಕು ವರ್ಷ ಕೂಡಿಹಾಕಿದರು. ಹೆಂಗಸರು ದೇವರ ಮಾತು ಹೇಳಬಹುದು ಅಂತ ವಾದಿಸುವ ಪುಸ್ತಕ 1666ರಲ್ಲಿ ಬಂದದ್ದು ಅವಳು ಜೈಲಿನಲ್ಲಿದ್ದಾಗಲೇ. ಜಡ್ಜ್ ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, 1669ರಲ್ಲಿ, ಫಾಕ್ಸನನ್ನು ಮದುವೆಯಾದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು. ಮುಪ್ಪಿನಲ್ಲಿ, ಹೊಸ ಪೀಳಿಗೆಯವರು ಎಲ್ಲರೂ ಒಂದೇ ಥರ ಮಂಕು ಬಟ್ಟೆ ಉಡಬೇಕು ಅಂತ ನಿಯಮ ತಂದಾಗ, ಇದೆಂಥ ಪೆದ್ದು ಸುವಾರ್ತೆ ಅಂತ ಬೈದು ಬರೆದಳು.

ಕೊನೆಗೆ ಸನ್‌ಬ್ರಿಕ್‌ಗೆ ಹೋಗಿ. ಬರ್ಕ್‌ರಿಗ್ ಬಯಲಿನ ಅಂಚಿನಲ್ಲಿ ಕಲ್ಲುಗೋಡೆ ಕಟ್ಟಿದ ತುಂಡು ನೆಲ, ಒಳಗೆ ಬರೀ ಹುಲ್ಲು. 1702ರಲ್ಲಿ ಮಾರ್ಗರೆಟ್‌ಳನ್ನು ಮಣ್ಣು ಮಾಡಿದ್ದು ಇಲ್ಲೇ. ಗೋರಿಕಲ್ಲು ಯಾರಿಗೂ ಇಡುತ್ತಿರಲಿಲ್ಲ.

“ಅವಳ್ದು ಯಾವ್ದು?” ಅಂತ ಅಮ್ಮ ಕೇಳಿದಳು.

ಗುರುತಿಲ್ಲಮ್ಮ ಅಂದೆ. ಅಮ್ಮ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗೋಡೆಯ ಪಕ್ಕಕ್ಕೇ ಅಂಟಿಕೊಂಡು ಒಂದು ಸುತ್ತು ಬಂದಳು. ಹುಲ್ಲು ಒದ್ದೆ ಇರುತ್ತದೆ, ಕಾರಿನಲ್ಲಿ ಒಂದು ಜೊತೆ ಒಣಗಿದ ಕಾಲುಚೀಲ ಇಟ್ಟುಕೊಳ್ಳಿ.