ಅಂಬಾಸಡರ್ ಎಂಜಿನ್‌ಗೆ ಇಂಚಿನ ಬೋಲ್ಟೇ ಹಾಕಿ: ನನ್ನ ಅನುಭವ

ಹಳೇ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚಿದರೆ ಬಳ್ಳಾರಿಯಲ್ಲಿ ಸಿಗುವ ಸಲಹೆ ಒಂದೇ: ‘ಇಂಚಿನ ಮಾಲು ಈಗ ಎಲ್ಲಿ ಸಿಗ್ತೈತ್ರಿ, ಎಲ್ಲದಕ್ಕೂ ಎಂಎಂ ಟ್ಯಾಪ್ ಹೊಡಿಸಿಬಿಡ್ರಿ.’ ಅಂದರೆ ಹಳೇ ತೂತಿಗೆ ಮಿ.ಮೀ. ಅಳತೆಯ ಹೊಸ ಥ್ರೆಡ್ ಕೊರೆಸುವುದು. ನಾನು ಹೊಡೆಸಲಿಲ್ಲ. ಯುಎನ್‌ಎಫ್ (ಇಂಚಿನ ಅಳತೆಯ, ಸಣ್ಣ ಹಲ್ಲಿನ) ಥ್ರೆಡ್ ಉಳಿಸಿಕೊಂಡೇ ಕಟ್ಟಿದ ಎಂಜಿನ್ ಬೇಸಿಗೆ ದಾಟಿದೆ. ಸಿರುಗುಪ್ಪದ ಮೇಲೆ ಸಿಂಧನೂರಿಗೆ ಮಟಮಟ ಮಧ್ಯಾಹ್ನ ಓಡಿಸಿದರೂ ಬ್ಲಾಕಿಗೂ ಹೆಡ್‌ಗೂ ನಡುವಿನ ಹೆಡ್ ಪ್ಯಾಕಿಂಗ್ ಪಕ್ಕ ಒಂದು ಹನಿ ನೀರಿಲ್ಲ. ಆಗುವುದಿಲ್ಲ ಎಂದವರೇ ಈಗ ಯಾವ ಬೋಲ್ಟ್ ಹಾಕಿದಿರಿ ಎಂದು ಕೇಳುತ್ತಿದ್ದಾರೆ.

ಎಂಎಂ ಟ್ಯಾಪ್ ಯಾಕೆ ಬೇಡ ಎಂದರೆ, ಮೂರು ಸೂತಿನ (3/8 ಇಂಚಿನ) ಯುಎನ್‌ಎಫ್ ತೂತಿನಲ್ಲಿ ಹಳೇ ಥ್ರೆಡ್‌ನ ಗೆರೆ 9.5 ಮಿ.ಮೀ. ತನಕ ಕೊರೆದಿರುತ್ತದೆ. ಅದಕ್ಕೆ ಎಂ10 (10 ಮಿ.ಮೀ.) ಟ್ಯಾಪ್ ಹಾಕಿದರೆ ಸುತ್ತಲೂ ಕಾಲು ಮಿ.ಮೀ.ಯಷ್ಟೂ ಹೊಸ ಕಬ್ಬಿಣ ಸಿಗುವುದಿಲ್ಲ, ಹಳೇ ಗೆರೆಯೂ ಹೊಸ ಗೆರೆಯೂ ಒಂದನ್ನೊಂದು ಕಡಿಯುತ್ತವೆ. ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಟಾರ್ಕ್ (ಅಳೆದ ಬಿಗಿ) ಕೊಟ್ಟಾಗ ಕಿತ್ತುಬರುತ್ತದೆ. 5/16 ಇಂಚಿನ ತೂತಿಗೆ ಎಂ8 ತೂರಿಸುವುದು ಇನ್ನೂ ಕೆಟ್ಟದ್ದು. ಅಳತೆ 7.94ಕ್ಕೆ 8, ನೋಡಲು ಒಂದೇ. ಆದರೆ ಒಂದರ ಪಿಚ್ (ಹಲ್ಲಿನಿಂದ ಹಲ್ಲಿಗೆ ಇರುವ ದೂರ) 1.06, ಇನ್ನೊಂದರದ್ದು 1.25. ಒಂದೆರಡು ಸುತ್ತು ಸಲೀಸಾಗಿ ಹೋಗಿ ಹಿಡಿಯುತ್ತದೆ; ಅಲ್ಲಿಂದ ಪಾನಾ ಹಾಕಿ ಒತ್ತಿದರೆ ಬ್ಲಾಕಿನ ಥ್ರೆಡ್ ಪುಡಿ. ಪಾನಾದ ಮಾತೂ ಅಷ್ಟೇ: ಅರ್ಧ ಇಂಚಿನ ತಲೆ 12.7, ಅದಕ್ಕೆ 13 ನಂಬರ್ ಹಾಕಿ ಮೂಲೆ ಸವೆಸಬೇಡಿ.

ಮಾಲು ಸಿಗುತ್ತದೆ. ಹಳೇ ಮ್ಯಾಸ್ಸಿ ಟ್ರ್ಯಾಕ್ಟರ್‌ಗಳದ್ದೂ ಇಂಚಿನ ಥ್ರೆಡ್ಡೇ, ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಬರವಿಲ್ಲ. ಸಿಂಧನೂರು, ಗಂಗಾವತಿ ಕಡೆ ಡಬ್ಬ ಸುರಿದು ಆರಿಸಿಕೊಳ್ಳಲು ಬಿಡುತ್ತಾರೆ. ಮೂರು ಸೂತಿನ ಹೈಟೆನ್ಸಿಲ್ ಬೋಲ್ಟ್ ಒಂದಕ್ಕೆ 40–50 ರೂಪಾಯಿ ಆಸುಪಾಸು ಕೊಟ್ಟ ನೆನಪು. ಹೆಡ್ ಸ್ಟಡ್ (ಹೆಡ್ ಹಿಡಿಯುವ, ತಲೆಯಿಲ್ಲದ ಬೋಲ್ಟ್) ಮಾತ್ರ ಅಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಟ್ಟು, ವಾಷರ್ ಸಮೇತ ಎರಡೂವರೆ ಸಾವಿರದ ಹತ್ತಿರ ಆಯಿತು. ಒಟ್ಟು ಬೋಲ್ಟಿನ ಖರ್ಚು ಐದು ಸಾವಿರ ದಾಟಿಲ್ಲ. ಬ್ಲಾಕ್ ಕೆಟ್ಟರೆ ಈ ಲೆಕ್ಕ ಯಾವ ಮೂಲೆಗೆ?

ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರಿದ್ದರೆ ಇನ್ನೂ ಗಡಸಾದ ಗ್ರೇಡ್ 8. ಆದರೆ ಗೆರೆ ಹೊಡೆದ ನಕಲಿ ಮಾಲು ಬೇಕಾದಷ್ಟಿದೆ, ಹಾಗಾಗಿ ಪ್ರತಿ ಕಟ್ಟಿನಿಂದ ಒಂದನ್ನು ಪರೀಕ್ಷೆಗೆ ಬಲಿ ಕೊಡುತ್ತೇನೆ. ದಪ್ಪ ಪ್ಲೇಟಿನ ತೂತಿಗೆ ಮೂರು ಸೂತಿನ ಬೋಲ್ಟ್ ಹಾಕಿ, ಮೊದಲೇ ಮೈಕ್ರೋಮೀಟರ್‌ನಲ್ಲಿ ಉದ್ದ ಬರೆದಿಟ್ಟು, ಎಣ್ಣೆ ಸವರಿ 40 ಪೌಂಡ್-ಅಡಿ (ಟಾರ್ಕ್‌ನ ಅಳತೆ) ಬಿಗಿಸಿ, ಬಿಚ್ಚಿ ಮತ್ತೆ ಅಳೆಯುವುದು. ಸಾದಾ ಕಬ್ಬಿಣದ್ದು 25 ದಾಟುವ ಮೊದಲೇ ಎಳೆದುಕೊಂಡು ಹೋಗುತ್ತದೆ, ಪಾನಾ ತಿರುಗುತ್ತಲೇ ಇರುತ್ತದೆ, ಬಿಗಿ ಏರುವುದಿಲ್ಲ. ನಿಜವಾದ ಗ್ರೇಡ್ 8 ಮೊದಲಿನ ಉದ್ದಕ್ಕೇ ವಾಪಸ್ ಬರುತ್ತದೆ. ಆರು ಗೆರೆಯ ಒಂದು ಕಟ್ಟಿನ ಬೋಲ್ಟ್ ಈ ಪರೀಕ್ಷೆಯಲ್ಲಿ ಉದ್ದವಾಯಿತು, ಇಡೀ ಕಟ್ಟನ್ನೇ ಗುಜರಿಗೆ ಹಾಕಿದೆ.

ಲೇತ್‌ನಲ್ಲಿ ಇಎನ್24 ಎಂಬ ಮಿಶ್ರಲೋಹದ ಉಕ್ಕಿನ ಬಾರ್‌ನಿಂದ ಸ್ಟಡ್ ಮಾಡಿಸಿಯೂ ನೋಡಿದೆ, ಒಂದಕ್ಕೆ 250ರ ಹತ್ತಿರ. ಮುರಿಯಲಿಲ್ಲ, ಆದರೆ ಬಿಗಿಸಿ ಬಿಚ್ಚಿದ ಮೇಲೆ ಕೂದಲೆಳೆಯಷ್ಟು ಉದ್ದವಾಗಿತ್ತು. ಹೀಟ್ ಟ್ರೀಟ್‌ಮೆಂಟ್ ಆಗದ ಬಾರ್ ಮೆತ್ತಗೇ ಇರುತ್ತದೆ. ಮೇಲಾಗಿ ಲೇತ್‌ನಲ್ಲಿ ಕಡಿದ ಥ್ರೆಡ್‌ಗಿಂತ ಕಾರ್ಖಾನೆಯಲ್ಲಿ ಒತ್ತಿ ಮಾಡಿದ್ದು ಹೆಚ್ಚು ಬಾಳುತ್ತದೆ. ಹೊಳಪಿಗೆಂದು ಝಿಂಕ್ ಪ್ಲೇಟಿಂಗ್ ಕೊಡಿಸುವವರಿಗೆ ಒಂದು ಮಾತು: ಗಡಸು ಬೋಲ್ಟ್‌ಗೆ ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿಯಲ್ಲಿ ನಾಲ್ಕು ತಾಸಾದರೂ ಬೇಯಿಸದಿದ್ದರೆ, ಒಳಗೆ ಸೇರಿದ ಹೈಡ್ರೋಜನ್‌ನಿಂದ ಬಿಗಿಸಿದ ಮೇಲೆ ತಾನಾಗೇ ತಲೆ ಹಾರಬಹುದು. ಎಂಜಿನ್ ಒಳಗೆ ಕಪ್ಪು ಬೋಲ್ಟ್ ಸಾಕು.

ಗಡಸು ಎಲ್ಲ ಕಡೆಯೂ ಒಳ್ಳೆಯದಲ್ಲ. ಚೇಂಬರ್ (ಕೆಳಗಿನ ಎಣ್ಣೆ ತೊಟ್ಟಿ), ಟೈಮಿಂಗ್ ಕವರ್‌ಗೆ ಗ್ರೇಡ್ 5 ಧಾರಾಳ. ಅಲ್ಲಿ ಗ್ರೇಡ್ 8 ಹಾಕಿದರೆ ಮಿತಿಮೀರಿ ಬಿಗಿಸಿದಾಗ ಬೋಲ್ಟ್ ಉಳಿದು ಬ್ಲಾಕಿನ ಥ್ರೆಡ್ ಹೋಗುತ್ತದೆ. ಎಗ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಹಿತ್ತಾಳೆ ನಟ್ಟೇ ಸೈ. ಸ್ಟೇನ್‌ಲೆಸ್ ಸ್ಟಡ್‌ಗೆ ಸ್ಟೇನ್‌ಲೆಸ್ ನಟ್ಟು ಹಾಕಿ ನೋಡಿದಾಗ ಎರಡೂ ಅಂಟಿಕೊಂಡು ಗರಗಸದಿಂದ ಕೊಯ್ಯಬೇಕಾಯಿತು. ನೈಲಾಕ್ ನಟ್ಟಿನ ನೈಲಾನ್ ಆ ಶಾಖಕ್ಕೆ ಕರಗುತ್ತದೆ. ಕನೆಕ್ಟಿಂಗ್ ರಾಡ್ ಬೋಲ್ಟಿನ ನಡು ಎಲ್ಲಾದರೂ ತೆಳುವಾಗಿದೆಯೇ ಅಳೆಯಿರಿ, ಕೂದಲಷ್ಟು ಸಣ್ಣಗಾಗಿದ್ದರೂ ಬಿಸಾಕಿ. ಬೋಲ್ಟ್ ತಿರುಗದಂತೆ ಹಿಡಿಯುವ ಲಾಕ್ ತಗಡು ಒಮ್ಮೆ ಮಡಚಿದ್ದನ್ನು ಮತ್ತೆ ಮಡಚಬೇಡಿ, ಅಲ್ಲಿ ಸ್ಪ್ರಿಂಗ್ ವಾಷರ್ ಸೇರಿಸಲೂ ಬೇಡಿ.

ಹೆಡ್ ಸ್ಟಡ್ ಕೂರಿಸುವ ಕೆಲಸಕ್ಕೆ ಅರ್ಧ ದಿನ ಎತ್ತಿಡಿ. ತೂತಿನ ಬಾಯಿಗೆ ಕೌಂಟರ್‌ಸಿಂಕ್ ಹಿಡಿದು ಮೊದಲ ಥ್ರೆಡ್‌ನಷ್ಟು ಬಾಯಿ ತೆರೆಯಿರಿ. ಇಲ್ಲದಿದ್ದರೆ ಸ್ಟಡ್ ಎಳೆದಾಗ ಬ್ಲಾಕಿನ ಮುಖ ಉಬ್ಬಿ ಪ್ಯಾಕಿಂಗ್ ಸರಿಯಾಗಿ ಕೂರುವುದಿಲ್ಲ. ನಮ್ಮ ಸೀಮೆಯ ಅದಿರಿನ ಕೆಂಪು ಧೂಳು ಎಣ್ಣೆಗೆ ಸೇರಿದರೆ ಎಮೆರಿ ಪೇಸ್ಟ್‌ನಂತೆ ಉಜ್ಜುತ್ತದೆ, ಡೀಸೆಲ್‌ನಲ್ಲಿ ತೊಳೆದು ಕಂಪ್ರೆಸರ್ ಗಾಳಿ ಹಿಡಿಯಿರಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ಉಳಿದರೆ ಸ್ಟಡ್ ಒತ್ತಿದಾಗ ಬ್ಲಾಕೇ ಸೀಳಬಹುದು. ಸ್ಟಡ್ ಕೈಬಿಗಿ ಸಾಕು. ಟಾರ್ಕ್ ಏನಿದ್ದರೂ ನಟ್ಟಿಗೆ. ನಟ್ಟಿನ ಕೆಳಗೆ ಗಡಸು, ಸಮತಟ್ಟಾದ ದಪ್ಪ ವಾಷರ್. ತೆಳು ವಾಷರ್ ಬಟ್ಟಲಾಗಿ ಬಾಗಿ ಬಿಗಿ ತಿಂದುಹಾಕುತ್ತದೆ. ವಾಷರ್‌ನ ಮುಖಕ್ಕೆ ನಾನು ಸವರುವ ಮಿಶ್ರಣ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಸಾದಾ ಎಂಜಿನ್ ಆಯಿಲ್ ಹಾಕಿದರೂ ಕೆಲಸ ಕೆಡುವುದಿಲ್ಲ.

ಹೆಡ್ ನಟ್ಟುಗಳಿಗೆ ನಡುವಿನಿಂದ ಹೊರಕ್ಕೆ 15, 28, 40 ಪೌಂಡ್-ಅಡಿ, ಮೂರು ಸುತ್ತು. ಮೇನ್ ಬೇರಿಂಗ್ ಕ್ಯಾಪ್‌ಗೆ 70, ರಾಡ್‌ಗೆ 35ರ ಸುಮಾರು. ಎಂಜಿನ್ ಕಾದು ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಒಂದೊಂದಾಗಿ ಕಾಲು ಸುತ್ತು ಸಡಿಲಿಸಿ ಮತ್ತೆ 40ಕ್ಕೆ ತನ್ನಿ, ನಂತರ ಟ್ಯಾಪೆಟ್ ಸಂದು ನೋಡಿ.