ಮಳೆಗಾಲದಲ್ಲೂ ಬಾಟಲಿ ಕಪ್ಪಾಯಿತು

ತೀರ್ಥಹಳ್ಳಿ ಕಡೆ, ತುಂಗೆ ದಂಡೆಯ ಊರು ನಮ್ಮದು. ಟ್ಯಾಂಕಿಗೆ ಹೊಳೆ ನೀರು, ನೀರುಗಂಟಿ ನಾನು. ನೀರಿಗೆ ಮಲದ ಬ್ಯಾಕ್ಟೀರಿಯಾ ಸೇರಿದ್ದರೆ ಕಪ್ಪಾಗುವ ಪರೀಕ್ಷೆ ಬಾಟಲಿ ಇದೆ, ಎಚ್‌ಟುಎಸ್ ಅಂತ. ಬೇಸಿಗೆಯಲ್ಲಿ ಅದು ಒಂದೇ ದಿನಕ್ಕೆ ಕಪ್ಪಾಗುತ್ತಿತ್ತು. ಆಷಾಢದಲ್ಲಿ ಹೊಳೆ ಕೆಂಪಾಗಿ, ಗದ್ದೆ ಕೊಟ್ಟಿಗೆ ಎಲ್ಲ ತೊಳೆದುಕೊಂಡು ಬರುವಾಗ ಮಾತ್ರ 3 ದಿನ ಇಟ್ಟರೂ ಬಣ್ಣ ತಿರುಗದು! "ಹರಿಯೋ ನೀರಿಗೆ ಮೈಲಿಗೆ ಎಂಥದ್ದು ಮಾರಾಯ, ಸುಮ್ನೆ ದುಡ್ಡು ದಂಡ" ಅಂದರು ಮೇಲಿನ ಮನೆ ಅಜ್ಜ. ಬಾಟಲಿಗೆ 35 ರೂಪಾಯಿ ಇರಬೇಕು ಆಗ. ಹತ್ತಿಪ್ಪತ್ತು ಹಾಳಾದವು.

ಚಳಿಗೆ ಹೀಗಾಗುತ್ತಿದೆ ಅನ್ನುವ ಅನುಮಾನ ನನಗೆ. ಬ್ಯಾಕ್ಟೀರಿಯಾ ಬೆಳೆದು ಬಣ್ಣ ತಿರುಗಲು 30ರಿಂದ 37 ಡಿಗ್ರಿ ಬೇಕಲ್ವಾ? ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿದೆ, 2 ದಿನ ಕರೆಂಟೇ ಇಲ್ಲ. ಬಚ್ಚಲೊಲೆ ಮೇಲಿನ ಅಟ್ಟದಲ್ಲಿಟ್ಟೆ, ಬೆಳಿಗ್ಗೆ ಕೈ ಸುಡುವಷ್ಟು ಬಿಸಿ, ರಾತ್ರಿ ತಣ್ಣಗೆ. ಕೊನೆಗೆ ಕಾವಿಗೆ ಕೂತ ಹೇಂಟೆಯ ಕೆಳಗೆ ಒಂದು ತೂರಿಸಿದೆ. ಮನೆಯವಳು ಬೈದಳು. ಮರುದಿನ ಹೇಂಟೆ ಅದನ್ನು ಕಾಲಲ್ಲಿ ಒದ್ದು ಹೊರಗೆ ಹಾಕಿತ್ತು. ಎತ್ತಿ ನೋಡಿದರೆ ತಳದಲ್ಲಿ ಕಪ್ಪು ಗೆರೆ!

ಆಮೇಲೆ 150 ರೂಪಾಯಿಯ ಥರ್ಮಾಕೋಲ್ ಪೆಟ್ಟಿಗೆ ತಂದೆ. ಹಂಡೆಯ ಬಿಸಿನೀರು ತುಂಬಿದ 2 ಲೀಟರಿನ 2 ಬಾಟಲಿ, ಬೆಳಿಗ್ಗೆ ಸಂಜೆ ಬದಲು. ಥರ್ಮಾಮೀಟರ್ 33–36ರ ಒಳಗೇ ನಿಂತಿತು. ಒಳಗೆ ಸುತ್ತುವುದು ಏನು ಅಂತ ಇಲ್ಲಿ ಹೇಳಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ಕುದಿಸಿ ಆರಿಸಿದ ನೀರಿನದ್ದೂ ಒಂದು ಜೊತೆಗಿಟ್ಟಿದ್ದೆ, ಅದು ಹಾಗೇ ಉಳಿಯಿತು. ಹೊಳೆ ನೀರಿನದ್ದು, ನಲ್ಲಿಯದ್ದು ಎರಡೂ 20 ಗಂಟೆಯೊಳಗೆ ಕಾಡಿಗೆ ಕಪ್ಪು.

ಹೊಳೆಯದ್ದು ಸರಿ, ನಲ್ಲಿಯದ್ದು ಯಾಕೆ? ಬ್ಲೀಚಿಂಗ್ ಪೌಡರ್ ಚೀಲ ಹಿಂದಿನ ಮಳೆಗಾಲದ್ದು. ತೇವ ಕುಡಿದು ಗಟ್ಟಿಯಾಗಿತ್ತು, ಮೂಗಿಗೆ ಘಾಟೇ ಇಲ್ಲ. ಹೊಸ ಚೀಲ ತಂದರೂ ಕೆಸರು ನೀರು ಕ್ಲೋರಿನ್ ನುಂಗಿಬಿಡುತ್ತಿತ್ತು. ಈಗ ಹಿಂದಿನ ರಾತ್ರಿ ಆಲಂ (ಪಟಿಕ) ಹಾಕಿ ತಿಳಿಯಾಗಲು ಬಿಟ್ಟು, ಬೆಳಿಗ್ಗೆ ಪೌಡರ್. ವಾಲ್ವ್ ಬಿಟ್ಟ ಮೇಲೆ ಕಟ್ಟಕಡೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದದ್ದು ಕಂಡರೆ ಮಾತ್ರ ಸಮಾಧಾನ. ನುಗ್ಗೆ ಬೀಜದ ಪುಡಿಯೂ ನೋಡಿದೆ. ಕೊಡಕ್ಕೆ ಸರಿ, ಟ್ಯಾಂಕಿಗೆ ಎಲ್ಲಿಂದ ತರುವುದು?

ಮೊನ್ನೆ ಅಜ್ಜ ತಮ್ಮ ಬಾವಿ ನೀರು ತಂದುಕೊಟ್ಟರು. ಮರುದಿನವೇ ಕಪ್ಪು. ಕುದಿಸಿ ಕುಡಿಯಿರಿ ಅಂದೆ. "ನಿನ್ನ ಪೆಟ್ಟಿಗೆ ಕೆಟ್ಟಿದೆ" ಅಂದರು.